ಕಾಲುವೆ ಹಾಡು, ನಂಬರ್ ಒಂದು

ಮೊನ್ನೆ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಫೋನು ಟಿಂಗ್ ಎಂದಿತು. ಹಿಟ್ಟಿನ ಕೈಯಲ್ಲೇ ನೋಡಿದರೆ ಬಣ್ಣಬಣ್ಣದ ಅಕ್ಷರ ಕುಣಿಯುತ್ತಿವೆ: ‘ಈ ವರ್ಷ ನೀವು ಮೆಚ್ಚಿದ ಹಾಡುಗಳು’. ಒಂದನೇ ಹಾಡು ಬೆಕ್ಕಿನದು. ಬೆಕ್ಕೊಂದು ಸೈಕಲ್ ತುಳಿಯುತ್ತ ಹಾಡುವುದು. ಅದನ್ನು ಹಚ್ಚದಿದ್ದರೆ ನನ್ನ ಮೊಮ್ಮಗ ಒಂದು ತುತ್ತೂ ನುಂಗುವುದಿಲ್ಲ, ಹಾಗಾಗಿ ದಿನಕ್ಕೆ ಮೂರು ಹೊತ್ತು ನಮ್ಮ ಸಿಂಧನೂರಿನ ಮನೆಯಲ್ಲಿ ಆ ಬೆಕ್ಕು ಸೈಕಲ್ ತುಳಿಯುತ್ತದೆ. ಈ ಫೋನಿನ ಲೆಕ್ಕದಲ್ಲಿ ಅರವತ್ತರ ಹೊಸ್ತಿಲಲ್ಲಿರುವ ನನ್ನ ಮೆಚ್ಚಿನ ಹಾಡು ಅದು. ಪಟ್ಟಿಯನ್ನು ಗೆಳೆಯರಿಗೆ ಹಂಚಿ ಎಂದು ಬೇರೆ ಕೇಳಿತು. ನಾನು ದಿನಾ ಏನೇನೋ ಬರೆದು ನಿಮ್ಮ ತಲೆ ತಿನ್ನುವವಳೇ, ಒಪ್ಪುತ್ತೇನೆ. ಆದರೆ ಬೆಕ್ಕಿನ ಹಾಡು ಹಂಚುವಷ್ಟು ಕೆಟ್ಟಿಲ್ಲ.

ಒಂದು ಹಾಡನ್ನು ಎಷ್ಟು ಸಲ ಕೇಳಿದ್ದೀರಿ ಎನ್ನುವುದಕ್ಕೂ ಅದನ್ನು ಎಷ್ಟು ಮೆಚ್ಚಿದ್ದೀರಿ ಎನ್ನುವುದಕ್ಕೂ ಸಂಬಂಧ ಇರಬೇಕಿಲ್ಲ ಎಂದು ನನಗೆ ಒಂಬತ್ತು ವರ್ಷಕ್ಕೇ ಗೊತ್ತಿತ್ತು. ಕಲಿಸಿದವಳು ಗಿರಿಜತ್ತಿ, ನಮ್ಮಪ್ಪನ ತಂಗಿ. ಆಕೆಯೂ ವರ್ಷಕ್ಕೊಂದು ಪಟ್ಟಿ ಮಾಡುತ್ತಿದ್ದಳು. ಹತ್ತೇ ಹಾಡು. ಅದರ ಒಂದನೇ ಹಾಡನ್ನು ಆಕೆ ಕೇಳಿದ್ದು ಒಂದೇ ಒಂದು ಸಲ.

ಇದು ನನ್ನ ತವರು ಮಸ್ಕಿಯ ಮಾತು. ಕಾಲುವೆ ಬಂದು ಸಿಂಧನೂರು ಕಡೆ ಭತ್ತ ಬೆಳೆದು ಅನ್ನ ತಿನ್ನಲು ಶುರು ಮಾಡಿ ವರ್ಷಗಳಾಗಿದ್ದರೂ, ನಮ್ಮ ಹೊಲದ ಪಾಲಿನ ಮರಿಗಾಲುವೆ ಇನ್ನೂ ಒಣಗಿಯೇ ಇದ್ದ ಕಾಲ. ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ತೂತು ತೂತಿನ ಚರ್ಮದ ಅಂಗಿ ಹಾಕಿಕೊಂಡು ಗೂಡಿನಲ್ಲಿ ಕೂತಿರುತ್ತಿತ್ತು. ಅಪ್ಪ ಅದನ್ನು ತಂದದ್ದು ಸುದ್ದಿಗೆ, ಪೇಟೆ ಧಾರಣೆಗೆ. ಅಪ್ಪ ಅಂಗಳ ದಾಟಿದ ಕೂಡಲೇ ಅದು ಗಿರಿಜತ್ತಿಯದಾಗುತ್ತಿತ್ತು. ಅಪ್ಪನಿಗೆ ಗೊತ್ತಾಗುತ್ತಿದ್ದುದು ಸೆಲ್ಲಿನಿಂದ.

“ಹೊಸಾ ಸೆಲ್ಲು ಹಾಕಿ ಹದಿನೈದು ದಿನಾ ಆಗಿಲ್ಲ. ನಾಳಿ ಸುದ್ದಿ ನಿಮ್ಮಪ್ಪ ಬಂದು ಹೇಳತಾನೇನು?” ಎಂದು ತಂಗಿಯನ್ನು ಗದರುತ್ತಿದ್ದ.

ಜೋಳ ಹಸನು ಮಾಡುತ್ತ ಕೂತ ಅಜ್ಜಿ ತಲೆ ಎತ್ತದೆ, “ಆಕಿಯಪ್ಪ ನಿನಗೇನಾಗಬೇಕಲೇ?” ಎನ್ನುತ್ತಿದ್ದಳು. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಹಾಗಂತ ಅಜ್ಜಿ ನಮ್ಮ ಪಕ್ಷವೇನಲ್ಲ. “ಮುಂಜಾನಿಂದ ಒದರಾಕತ್ತೈತಿ, ಅದರ ಬಾಯಾಗರ ಒಂದು ಗುಟುಕು ನೀರು ಬಿಡಬೇ” ಎಂದು ರೇಡಿಯೋಕ್ಕೆ ಮರುಗುತ್ತಿದ್ದಳು.

ಪಟ್ಟಿಗೆ ಕಾನೂನುಗಳಿದ್ದವು. ಯುಗಾದಿಯ ಬೇವು ಕುಡಿಯುವ ಮೊದಲು ಹತ್ತೂ ನಿಕ್ಕಿಯಾಗಬೇಕು. ಹೋದ ಯುಗಾದಿಯಿಂದ ಈಚೆಗೆ ಕಿವಿಗೆ ಬಿದ್ದದ್ದೇ ಇರಬೇಕು, ಹಾಡು ಹಳೆಯದೋ ಹೊಸದೋ ಅದು ಬೇರೆ, ಆದರೆ ಹಿಂದಿನ ಪಟ್ಟಿಯದು ಮತ್ತೆ ಬರಬಾರದು. ಹಳೆ ಕ್ಯಾಲೆಂಡರಿನ ಹಾಳೆ ಹಿಂದೆ ಬರೆಯಬೇಕು. ಬರೆಯುವವಳು ನಾನು, ಯಾಕೆಂದರೆ ತೀರ್ಪುಗಾರರು ತಾವೇ ಬರೆದುಕೊಳ್ಳಬಾರದು ಎಂದು ಆಕೆಯದೇ ಇನ್ನೊಂದು ಕಾನೂನು. ಏಳನೇ ನಂಬರಿಗಾಗಿ ನಾವಿಬ್ಬರು ಮೂರು ದಿನ ಮಾತು ಬಿಟ್ಟದ್ದೂ ಉಂಟು.

ಹಾಡುಗಳಿಗೆ ಆಕೆ ತನ್ನವೇ ಹೆಸರು ಇಡುತ್ತಿದ್ದಳು. ಸಿನಿಮಾ ನೋಡಿದವರಿಗೆ ಸಿನಿಮಾದ ಹೆಸರು. ವರ್ಷಕ್ಕೊಮ್ಮೆ ಟೂರಿಂಗ್ ಟಾಕೀಸು ಬಂದರೂ ಮನೆಯ ಕನ್ಯೆಯನ್ನು ಕಳಿಸುತ್ತಿರಲಿಲ್ಲ, ಮೊದಲ ಆಟಕ್ಕೆ ಮುಂಚೆ ಅವರ ಹಾರ್ನಿನಿಂದ ಗಾಳಿ ಬೀಸಿದ ಕಡೆ ಹರಿದು ಬಂದ ಹಾಡೇ ನಮ್ಮ ಪಾಲು. ಹಾಗಾಗಿ ಹಾಡು ಕೇಳಿದ ಜಾಗವೇ ಹಾಡಿನ ಹೆಸರು. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಾಗ ಕೇಳಿದ್ದು ‘ಗಿರಣಿ ಹಾಡು’. ಹಟ್ಟಿಯಲ್ಲಿ, ಗಣಿಯ ಕ್ವಾರ್ಟರ್ಸಿನ ಮದುವೆಯೊಂದರ ಹಂದರದಲ್ಲಿ ಕೇಳಿದ್ದು ‘ಹಟ್ಟಿ ಹಾಡು’. ಒಮ್ಮೆ ಸಿಂಧನೂರಿನಿಂದ ಬರುವಾಗ ನಿರಾಶ್ರಿತರ ಕ್ಯಾಂಪಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಗದ್ದೆಯಲ್ಲಿ ಬಂಗಾಲಿ ಹೆಣ್ಣುಮಕ್ಕಳು ಬಗ್ಗಿ ನಾಟಿ ಹಚ್ಚುತ್ತ ಏನನ್ನೋ ಹಾಡುತ್ತಿದ್ದರು. ಒಂದಕ್ಷರ ತಿಳಿಯಲಿಲ್ಲ. ಆ ವರ್ಷ ಅದಕ್ಕೆ ನಾಲ್ಕನೇ ನಂಬರು. ರೇಡಿಯೋದಲ್ಲಿ ಬಂದಿಲ್ಲವಲ್ಲ ಎಂದು ನಾನು ತಕರಾರು ಎತ್ತಿದೆ. “ಬಂದಿಲ್ಲಂದ್ರ ಅದು ರೇಡಿಯೋದ ತಪ್ಪು” ಎಂದಳು.

ಈಗ ಒಂದನೇ ನಂಬರಿಗೆ ಬರುತ್ತೇನೆ.

ಆ ಶ್ರಾವಣದಲ್ಲಿ ನಮ್ಮ ಮರಿಗಾಲುವೆಗೆ ಮೊದಲ ಸಲ ನೀರು ಬಿಟ್ಟರು. ಓಣಿಯ ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು, ನೀರಿಗೆ ಉಡಿ ತುಂಬಲು ಅಕ್ಕಿ, ಕುಬಸದ ಕಣ, ಕಾಯಿ, ಉತ್ತತ್ತಿ ತಗೊಂಡು ಹೋದೆವು. ನೀರು ಬಿಡುವ ಇಲಾಖೆಯ ಮನುಷ್ಯ ತನ್ನ ಟ್ರಾನ್ಸಿಸ್ಟರನ್ನು ಗೇಟಿನ ಹಿಡಿಕೆಗೇ ನೇತುಹಾಕಿ ಚಕ್ರ ತಿರುಗಿಸುತ್ತಿದ್ದ. ಗೇಟು ಮೇಲೆದ್ದು, ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಧುಮುಕಿದ್ದಕ್ಕೂ ರೇಡಿಯೋದಲ್ಲಿ ಆ ಹಾಡು ಶುರುವಾದದ್ದಕ್ಕೂ ಸರಿಹೋಯಿತು. ಯಾವ ಸಿನಿಮಾ, ಹಾಡಿದವರು ಯಾರು ಎಂದು ಹೇಳಿದ್ದೆಲ್ಲ ನೀರಿನ ಸಪ್ಪಳದಲ್ಲಿ ಮುಳುಗಿತು. ಹೆಣ್ಣು ದನಿ, ಮೊದಲ ಸಾಲಿನಲ್ಲಿ ಒಂದು ದೋಣಿ ಬರುತ್ತದೆ. ಹೊಳೆ ಕಾಣದ ಆಗಿನ ನಮಗೆ ದೋಣಿ ಎಂದರೆ ಪುಸ್ತಕದ ಚಿತ್ರ. ಗಿರಿಜತ್ತಿ ಸೀರೆ ನೆರಿಗೆ ಒದ್ದೆಯಾಗುತ್ತಿದ್ದರೂ ಹಿಂದೆ ಸರಿಯದೆ, ಉಡಿ ಅಕ್ಕಿ ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಹಾಡು ಮುಗಿದ ಮೇಲೆ ಆ ಅಕ್ಕಿಯನ್ನು ನೀರಿಗೆ ಬಿಟ್ಟಳು. ದಾರಿಯಲ್ಲಿ, “ಯುಗಾದಿ ತನಕ ಕಾಯೂದು ಬ್ಯಾಡ. ಒಂದನೇದು ಬರಕೋ” ಎಂದಳು.

ಅದೇ ಕೊನೆ. ಆ ಹಾಡು ಮತ್ತೆ ಬರಲಿಲ್ಲ. ದಿನಾ ಮಧ್ಯಾಹ್ನ ಕೇಳುಗರು ಕೇಳಿದ ಹಾಡು ಹಾಕುವ ಹೊತ್ತಿಗೆ ಆಕೆ ಗೂಡಿನ ಕೆಳಗೆ ಹಾಜರು. ಬರಲಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಲಿಂಗಸುಗೂರಿನಿಂದ ಬೀಗರು ಬಂದರು.

ಎಣ್ಣೆ ಅಂಗಡಿಯ ಮನೆತನ. ಹುಡುಗ ಒಳ್ಳೆಯವ, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಶಿವಲಿಂಗಮ್ಮನದು. ಗಂಡ ತೀರಿಕೊಂಡ ಮೇಲೆ ಅಂಗಡಿ ಗಲ್ಲಾ ಮೇಲೆ ತಾನೇ ಕೂತು ಮಗನನ್ನು ಬೆಳೆಸಿದಾಕೆ. ಹಣೆ ತುಂಬ ವಿಭೂತಿ. “ನಮ್ಮ ಮನ್ಯಾಗ ಸಂಜಿಗೆ ಪೂಜಿ, ಭಜನಿ. ಸಿನಿಮಾದ ಹಾಡು ನಮ್ಮ ಹೊಸ್ತಿಲ ದಾಟಿಲ್ಲರಿ, ರೇಡಿಯೋ ತರೂದಿಲ್ಲಂತ ಅವರು ಇದ್ದಾಗನ ಆಗಿದ್ದ ಮಾತು” ಎಂದು ಮೊದಲ ದಿನವೇ ಹೇಳಿಬಿಟ್ಟಳು. ಮದುವೆ ಯುಗಾದಿ ಮುಗಿದ ಮೇಲೆ ಎಂದು ನಿಶ್ಚಯವಾಯಿತು. ಗಿರಿಜತ್ತಿ ಹುಡುಗನನ್ನು ಒಪ್ಪಿದ್ದಳು. ಅಂದು ಸಂಜೆ ಜೋಳದ ಚೀಲಕ್ಕೆ ಒರಗಿ ಕೂತು ನನಗೊಬ್ಬಳಿಗೇ ಹೇಳಿದಳು: “ಹೋಗೂದರಾಗ ಒಂದು ಸಲ ಅದನ್ನ ಕೇಳಬೇಕು ಲೇ. ಒಂದಾ ಸಲ. ಆಮ್ಯಾಲ ಭಜನಿನಾ ಆಗಲಿ.”

ಹಾಗಾಗಿ ನಾವು ರೇಡಿಯೋ ಸ್ಟೇಷನ್ನಿಗೆ ಕಾರ್ಡು ಬರೆಯಲು ಶುರು ಮಾಡಿದೆವು. ಆಗಿನ ಪದ್ಧತಿ ನಿಮಗೆ ನೆನಪಿದ್ದರೆ ಸರಿ, ಇಲ್ಲದವರಿಗೆ ಹೇಳುತ್ತೇನೆ. ಕಾರ್ಡಿನಲ್ಲಿ ಹಾಡಿನ ಮೊದಲ ಸಾಲು, ಕೆಳಗೆ ಸಾಲುಗಟ್ಟಿ ಹೆಸರು. ಒಂಟಿ ಹೆಸರಿಗೆ ಬೆಲೆ ಇಲ್ಲ. ಹೆಸರು ಹೆಚ್ಚಿದ್ದಷ್ಟೂ ಸ್ಟೇಷನ್ನಿನವರು ಕರಗುತ್ತಾರೆ ಎಂದು ನಂಬಿಕೆ. ಮದುವೆಯಾಗದ ಹುಡುಗಿಯ ಹೆಸರು ಮಾತ್ರ ರೇಡಿಯೋದಲ್ಲಿ ಬರುವ ಹಾಗಿಲ್ಲ. ಕೈಬರಹವೂ ಗಿರಿಜತ್ತಿಯದು ಆಗುವಂತಿಲ್ಲ: ಓಣಿಯ ಅರ್ಧ ಜನರ ಕಾಗದ ಬರೆಯುತ್ತಿದ್ದವಳು ಆಕೆ, ಅಂಚೆಯವನಿಗೆ ಅವಳ ಅಕ್ಷರ ಮುಖಕ್ಕಿಂತ ಹೆಚ್ಚು ಪರಿಚಯ. ಆದ್ದರಿಂದ ಬರೆಯುವವಳು ನಾನು. ಮನೆಯವರ ಹೆಸರಂತೂ ಬೇಡವೇ ಬೇಡ. ಉಳಿದದ್ದು ಯಾರು? ನಮ್ಮ ಎತ್ತುಗಳು. ಬಸವ ಮತ್ತು ಕರಿಯ. ಮನುಷ್ಯರ ಹೆಸರೇ ಅಲ್ಲವೇ ಅವು, ಸ್ಟೇಷನ್ನಿನವರಿಗೆ ಕೋಡು ಕಾಣುತ್ತದೆಯೇ?

ಎತ್ತುಗಳ ಹೆಸರಲ್ಲಿ ಮೂರು ಕಾರ್ಡು ಹೋದವು. ಮೂರೂ ದಂಡ. ಸಿಂಧನೂರಿನ ಬಸ್ಸಿನ ಕಂಡಕ್ಟರ್ ಖಾದರ್ ಮಾಮಾ ನಮಗೆ ಸೆಲ್ಲು ತಂದುಕೊಡುತ್ತಿದ್ದವ. ಅವನೇ ಒಂದು ಗುಟ್ಟು ಹೇಳಿದ. “ಒಂದಾ ಊರಿನ ಹೆಸರು ಇದ್ರ ಅವರು ಖಬರ್ ಮಾಡೂದಿಲ್ಲ, ಬೇಟಿ. ಎರಡು ಮೂರು ಊರು ಹಾಕಬೇಕು.”

ನಾಲ್ಕನೇ ಕಾರ್ಡು ನಾನೊಬ್ಬಳೇ ಬರೆದೆ. ಅತ್ತೆಗೆ ಆಶ್ಚರ್ಯ ಕೊಡಬೇಕು ಎಂದು ಹೇಳಲಿಲ್ಲ. ಮಸ್ಕಿಯಿಂದ ಬಸವ ಎಂದು ಬರೆದೆ. ಸಿಂಧನೂರಿನಿಂದ ಕಂಡಕ್ಟರ್ ಖಾದರ್. ಮೂರನೇ ಊರು ಲಿಂಗಸುಗೂರು. ಲಿಂಗಸುಗೂರಿನಲ್ಲಿ ನನಗೆ ಯಾರು ಗೊತ್ತು? ದಿನ ಬೆಳಗಾದರೆ ಮನೆಯಲ್ಲಿ ಕೇಳಿಬರುತ್ತಿದ್ದ ಹೆಸರು ಒಂದೇ. ಬರೆದುಬಿಟ್ಟೆ: ಎಣ್ಣೆ ಅಂಗಡಿ ಶಿವಲಿಂಗಮ್ಮ. ಒಂದೇ ಹೆಸರು ಬಣ ಬಣ ಕಾಣುತ್ತದೆ ಎಂದು ಪಕ್ಕದಲ್ಲಿ ಕರಿಯನನ್ನೂ ಸೇರಿಸಿ ಡಬ್ಬಿಗೆ ಹಾಕಿದೆ. ಮನಸ್ಸಿನಲ್ಲಿ ಒಂದು ಚೂರೂ ಅಳುಕಿರಲಿಲ್ಲ, ಅದನ್ನು ನೆನೆದರೆ ಈಗ ಮೈ ಬೆವರುತ್ತದೆ.

ಕಾಲುವೆ ಬಂದಿತ್ತಲ್ಲ, ಜೊತೆಗೆ ಸೊಳ್ಳೆಗಳೂ ಬಂದಿದ್ದವು. ಎರಡನೇ ಬೆಳೆಯ ನಾಟಿಯ ಹೊತ್ತಿಗೆ ನಾನು ಚಳಿಜ್ವರ ಬಂದು ಶಾಲೆ ಬಿಟ್ಟು ಮಲಗಿದ್ದೆ. ಅತ್ತೆ ನಾಟಿಯವರಿಗೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿದ್ದಳು. ಅಜ್ಜಿ ಪಡಸಾಲೆಯಲ್ಲಿ ಮೊರ ಬಡಿಯುತ್ತಿದ್ದಳು. ಕೇಳುಗರ ಹಾಡಿನ ಹೊತ್ತಾಗಿತ್ತು, ರೇಡಿಯೋದ ಹೆಂಗಸು ನಯವಾದ ದನಿಯಲ್ಲಿ ಓದಿದಳು: ಮಸ್ಕಿಯಿಂದ ಬಸವ, ಸಿಂಧನೂರಿನಿಂದ ಕಂಡಕ್ಟರ್ ಖಾದರ್, ಲಿಂಗಸುಗೂರಿನಿಂದ ಎಣ್ಣೆ ಅಂಗಡಿ ಶಿವಲಿಂಗಮ್ಮ ಮತ್ತು ಕರಿಯ. ಆಮೇಲೆ ಸಿನಿಮಾದ ಹೆಸರನ್ನೂ ಹೇಳಿದಳು. ಎದ್ದು ಕೂರುವ ಗಡಿಬಿಡಿಯಲ್ಲಿ ಅದು ನನ್ನ ಕಿವಿಗೆ ಬೀಳಲೇ ಇಲ್ಲ.

ಹಾಡು ಮೂರು ನಿಮಿಷದ್ದು, ಹೊಲ ಒಂದು ಮೈಲಿ ದೂರ. ಓಡಿ ಕರೆತರುವ ಹಾಗಿಲ್ಲ. ಗೂಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಪರೀಕ್ಷೆಗೆ ಮಗ್ಗಿ ಬಾಯಿಪಾಠ ಮಾಡಿದಂತೆ ಆ ಹಾಡನ್ನು ನುಂಗಲು ನೋಡಿದೆ. ನಡುವಿನ ಎರಡು ಸಾಲು ಅಜ್ಜಿಯ ಮೊರದ ಪಾಲಾದವು.

ಅತ್ತೆ ಬಂದಾಗ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಖಾಲಿ ಬುಟ್ಟಿ ಇಳಿಸಿ, ಕೆಸರಿನ ಕಾಲಲ್ಲೇ ಕಟ್ಟೆ ಮೇಲೆ ಕೂತು, ರೇಡಿಯೋದ ಕಡೆ ನೋಡಿದಳು. ಆಮೇಲೆ, “ಹಾಡು” ಎಂದಳು.

ಹಾಡಿದೆ. ನನ್ನ ದನಿ ಏನು ಎಂದು ನನ್ನ ಗಂಡನನ್ನು ಕೇಳಿ, ಹೇಳುತ್ತಾರೆ. ಜ್ವರಕ್ಕೆ ಮೂಗು ಕಟ್ಟಿತ್ತು, ಚರಣದ ನಡುವೆ ಉಸಿರು ಸಾಲದೆ ನಿಂತು, ಮತ್ತೆ ಎಳೆದುಕೊಂಡು ಹಾಡಿದೆ. ಕಳೆದುಹೋದ ಎರಡು ಸಾಲಿಗೆ ನನ್ನದೇ ಏನೋ ತುಂಬಿದೆ. ಮುಗಿದ ಮೇಲೆ ಆಕೆ, “ಇನ್ನೊಮ್ಮೆ” ಎಂದಳು.

ಮೂರನೇ ದಿನ ಮಧ್ಯಾಹ್ನದ ಬಸ್ಸಿಗೆ ಶಿವಲಿಂಗಮ್ಮ ಬಂದಿಳಿದಳು. ಒಬ್ಬಳೇ. ಅಜ್ಜಿ ಚಾಪೆ ಹಾಸಿ, “ಕುಂದರ್ರಿ ಬೀಗರ” ಎಂದರೆ ಕೂರಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ.

“ಮಸ್ಕಿ ಹೆಸರೂ ಬಂದೈತಂತ. ರೇಡಿಯೋದವರಿಗೆ ನನ್ನ ಹೆಸರು ಕೊಟ್ಟಾವರು ಯಾರು?”

ಅಪ್ಪನಿಗೆ, ಅಜ್ಜಿಗೆ ಏನೂ ಗೊತ್ತಿಲ್ಲ. ಗಿರಿಜತ್ತಿ ಒಳಗಿನಿಂದ ಬಂದು, ಸೆರಗು ಹೊದ್ದು, “ನಾ ರೀ, ಅತ್ತಿ” ಎಂದಳು. ನನಗೆ ಅಳು ಬಂತು. ಕಣಜದ ಹಿಂದಿನಿಂದಲೇ, “ಅಲ್ಲರೀ, ನಾ ಬರದಿದ್ದು. ಅತ್ತಿಗೆ ಗೊತ್ತಾ ಇಲ್ಲ” ಎಂದೆ.

ಶಿವಲಿಂಗಮ್ಮ ಇಬ್ಬರ ಮಾರಿ ಮಾರಿ ನೋಡಿದಳು. “ಎಣ್ಣಿ ಒಯ್ಯಾಕ ಬಂದಾವರೆಲ್ಲ ಕೇಳಾಕತ್ತಾರ. ಏನ್ ಶಿವಲಿಂಗವ್ವ, ಸಿನಿಮಾದ ಹಾಡು ಕೇಳಿಯಂತಲ್ಲ ಅಂತ. ಅದು ಇರಲಿ. ನನ್ನ ಹೆಸರಿನ ಜೋಡಿ ಇನ್ನೊಂದು ಹೆಸರು ಬಂತಂತ. ಕರಿಯ. ಗಂಡ ಸತ್ತು ಹದಿನಾಕು ವರ್ಷ ಆತು, ಈಗ ಊರೆಲ್ಲಾ ಕರಿಯ ಯಾರು, ಕರಿಯ ಯಾರು ಅಂತ ಕೇಳಾಕತ್ತೈತಿ. ಯಾವನವ?”

ಅಜ್ಜಿ ಸಣ್ಣಗೆ, “ಅದು ನಮ್ಮ ಎತ್ತು ರೀ” ಎಂದಳು.

“ಏನು?”

“ಎತ್ತು ರೀ. ಹಿತ್ತಲದಾಗ ಕಟ್ಟೀವಿ.”

“ತೋರಸ್ರಿ.”

ಎಲ್ಲರೂ ಹಿತ್ತಲಿಗೆ ಹೋದೆವು. ಕರಿಯ ಬಾಲ ಬೀಸುತ್ತ ಮೇವು ಮೆಲ್ಲುತ್ತಿತ್ತು. ಶಿವಲಿಂಗಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. ಕರಿಯ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಮೇವಿಗೆ ಬಾಯಿ ಹಾಕಿತು. ಮೊದಲು ಆಕೆಯ ಹೆಗಲು ಅಲುಗಿತು. ಅಳುತ್ತಿದ್ದಾಳೆ ಎಂದು ಅಜ್ಜಿ ಹತ್ತಿರ ಹೋದರೆ ನಗುತ್ತಿದ್ದಳು, ವಿಭೂತಿ ಕರಗುವಷ್ಟು. “ಹೋಗಲಿ ಬಿಡ್ರಿ, ಮೈಕಟ್ಟು ಚಲೋ ಐತಿ” ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಒಳಗೆ ಬಂದು ನೀರು ಕುಡಿದಳು. ಚಹಾನೂ ಕುಡಿದಳು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡಳು. “ನನ್ನ ಹೆಸರಿಲೆ ಬಂದ ಹಾಡು ಊರೆಲ್ಲಾ ಕೇಳೈತಿ. ನಾ ಒಬ್ಬಾಕಿನಾ ಕೇಳಿಲ್ಲ. ಏನೈತಿ ಅದರಾಗ, ಹಾಡು ನೋಡೂನು.”

ಮತ್ತೆ ಹಾಡಿದೆ, ಅಲ್ಲೇ ಉಸಿರು ನಿಂತಿತು. ಶಿವಲಿಂಗಮ್ಮ ಕಣ್ಣು ಮುಚ್ಚಿ ಕೇಳಿ, “ಇಷ್ಟಾ?” ಎಂದಳು. “ಇದರಾಗ ಕೆಟ್ಟದ್ದೇನೈತಿ? ದೋಣಿ ಐತಿ.” ಗಿರಿಜತ್ತಿಯ ಕಡೆ ತಿರುಗಿದಳು. “ಇದಕ್ಕ ಏನಬೇ ಇಷ್ಟೆಲ್ಲಾ ಮಾಡಿಸಿದಿ?”

ಅತ್ತೆ ತಲೆ ತಗ್ಗಿಸಿ ನಿಜ ಹೇಳಿದಳು. “ನಿಮ್ಮ ಮನಿಗೆ ಬಂದ ಮ್ಯಾಲ ಕೇಳಾಕ ಆಗೂದಿಲ್ಲ ರೀ. ಅದಕ್ಕ.”

ಅಪ್ಪ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಶಿವಲಿಂಗಮ್ಮ ಕಪ್ಪು ಬಸಿ ಬದಿಗಿಟ್ಟು, ಗಲ್ಲಾ ಮೇಲೆ ಕೂತವರು ಗಿರಾಕಿಗೆ ಧಾರಣೆ ಹೇಳುವ ದನಿಯಲ್ಲಿ ಹೇಳಿದಳು: “ಅವರ ಮಾತು ಮನಿ ಹೊಸ್ತಿಲದ್ದು. ಅದನ್ನ ನಾ ಮುರಿಯೂದಿಲ್ಲ. ಅಂಗಡಿಗೆ ಬ್ಯಾರೆ ಹೊಸ್ತಿಲ ಐತಿ. ಅದರ ಬಗ್ಗೆ ಅವರು ಏನೂ ಹೇಳಿ ಹೋಗಿಲ್ಲ.”

ಯುಗಾದಿಗೆ ಪಟ್ಟಿ ಓದಿದೆವು, ಒಂದನೇದು ‘ಕಾಲುವೆ ಹಾಡು’. ಮದುವೆಯಾಯಿತು. ಲಿಂಗಸುಗೂರಿನ ಎಣ್ಣೆ ಅಂಗಡಿಯ ಗೂಡಿಗೆ ರೇಡಿಯೋ ಬಂತು. ರೇಡಿಯೋದ ನೆವದಿಂದ ಗಿರಿಜತ್ತಿ ಮಧ್ಯಾಹ್ನ ಅಂಗಡಿಯಲ್ಲಿ ಕೂತು, ನೋಡನೋಡುತ್ತ ಗಲ್ಲಾ ಆಕೆಯದೇ ಆಯಿತು. ಅತ್ತೆ ಸೊಸೆ ಕೂಡಿಯೇ ಆ ಹಾಡಿಗೆ ಕಾದರು. “ಇವತ್ತೂ ಬರಲಿಲ್ಲ ನಮ್ಮ ಹಾಡು” ಎಂದು ಶಿವಲಿಂಗಮ್ಮ ಹೇಳುವುದನ್ನು ನಾನೇ ಕೇಳಿದ್ದೇನೆ. ನಾನು ರಜೆಗೆ ಹೋದಾಗ ಇಬ್ಬರೂ ನನ್ನಿಂದ ಹಾಡಿಸುತ್ತಿದ್ದರು. ಪ್ರತಿ ಯುಗಾದಿಗೆ ಅತ್ತೆಯಿಂದ ಕಾರ್ಡು ಬರುತ್ತಿತ್ತು, ಎರಡರಿಂದ ಹತ್ತು ನಂಬರು ಹೊಸವು. ಒಂದನೇದು ಅದೇ. ಹಿಂದಿನ ಪಟ್ಟಿಯದು ಮತ್ತೆ ಬರಬಾರದು ಎನ್ನುವ ತನ್ನದೇ ಕಾನೂನನ್ನು ಆಕೆ ಅದೊಂದಕ್ಕೆ ಮುರಿದಿದ್ದಳು. ನಾನು ತಕರಾರು ಎತ್ತಲಿಲ್ಲ.

ಇಷ್ಟು ವರ್ಷ ನಾನು ಆ ಹಾಡನ್ನು ಯಾಕೆ ಹುಡುಕಲಿಲ್ಲ ಎಂದು ಕೇಳುತ್ತೀರಿ. ಫೋನು ಕೈಗೆ ಬಂದು ಎಷ್ಟೋ ವರ್ಷವಾಯಿತು. ಹೊಳೆಯಲಿಲ್ಲ ಎಂದರೆ ಸುಳ್ಳು. ಹೆದರಿಕೆ ಇತ್ತು. ನಾನು ತುಂಬಿದ ಎರಡು ಸಾಲು ಸಿಕ್ಕಿಬೀಳುತ್ತವಲ್ಲ ಎಂದು. ಮೊನ್ನೆ ಬೆಕ್ಕಿನ ಹಾಡಿನ ಸಿಟ್ಟಿಗೆ ಹುಡುಕಿಬಿಟ್ಟೆ. ದೋಣಿ ಇರುವ ಸಾಲು ಹೇಳಿದೆ ಅಷ್ಟೇ, ರೊಟ್ಟಿಯ ಹೆಂಚು ಕಾಯುವುದರೊಳಗೆ ಸಿಕ್ಕಿತು. ಕೇಳಿದೆ. ನಾನು ಹಾಡುತ್ತ ಬಂದದ್ದರಲ್ಲಿ ಎರಡು ಸಾಲಲ್ಲ, ಅರ್ಧ ಹಾಡೇ ನನ್ನದು. ಧಾಟಿಯೂ ನನ್ನದೇ. ಈ ಹಾಡು ಆ ಅಂಗಡಿಯ ರೇಡಿಯೋದಲ್ಲಿ ಎಷ್ಟು ಸಲ ಬಂದು ಹೋಗಿದೆಯೋ, ಇವರಿಬ್ಬರೂ ಅದರ ಕೆಳಗೇ ಕೂತು ‘ನಮ್ಮ ಹಾಡು’ ಬರಲಿಲ್ಲ ಎಂದಿದ್ದಾರೆ.

ಶಿವಲಿಂಗಮ್ಮ ಈಗಿಲ್ಲ. ಹೆಂಚು ಇಳಿಸಿ ಗಿರಿಜತ್ತಿಗೆ ಫೋನು ಹಚ್ಚಿದೆ. ಎಪ್ಪತ್ತು ದಾಟಿದರೂ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವವಳು ಆಕೆಯೇ.

“ಈ ಹೊತ್ತಿನ್ಯಾಗ ಯಾಕಬೇ? ಎಲ್ಲಾರೂ ಬರೋಬರ್ ಅದೀರಿಲ್ಲ?”

“ಅದೀವಿ. ಅತ್ತಿ, ಕಾಲುವಿ ಹಾಡು ಸಿಕ್ಕೈತಿ.”

ಆ ಕಡೆ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ. “ಐದು ನಿಮಿಷ ನಿಂದ್ರಪ್ಪ, ಎಣ್ಣಿ ಎಲ್ಲೂ ಹೋಗೂದಿಲ್ಲ” ಎಂದು ಯಾರಿಗೋ ಹೇಳಿದಳು. ನನಗೆ, “ಹಚ್ಚು” ಎಂದಳು.

ಗಂಡನ ಫೋನು ತಂದು, ಅದರಲ್ಲಿ ಹಾಡು ಹಚ್ಚಿ, ನನ್ನ ಫೋನಿನ ಬಾಯಿಗೆ ಹಿಡಿದೆ. ಪೂರಾ ಕೇಳಿದಳು.

“ಇದಲ್ಲ ಬಿಡು.”

“ಇದಾ ಅತ್ತಿ. ದೋಣಿ ಬಂತಿಲ್ಲ?”

“ದೋಣಿ ಬಂತು. ನೀರಿನ ಸಪ್ಪಳ ಎಲ್ಲೈತಿ? ನಡುವ ನೀ ಉಸಿರು ಸಾಲದ ನಿಂದ್ರತಿದ್ದಿ, ಅದೆಲ್ಲೈತಿ?” ಸ್ವಲ್ಪ ಯೋಚಿಸಿದಳು. “ಆದ್ರೂ ತಗದು ಹಾಕೂ ಹಂಗಿಲ್ಲ. ಚಲೋ ಹಾಡ್ಯಾಳ. ಈ ವರ್ಷದ್ದರಾಗ ಬರಿ. ಆರನೇದು.”

ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಹಿಂದೆ ಬರೆದೆ. ಆರು: ‘ರೊಟ್ಟಿ ಹೆಂಚಿನ ಹಾಡು’. ಹಾಳೆಗೆ ಹಿಟ್ಟು ಅಂಟಿತು.

“ಒಂದನೇದು?” ಎಂದೆ.

“ಅದು ನಿನ್ನ ಹತ್ರನಾ ಐತಲ್ಲ. ಹಾಡು.”

ಅಡುಗೆಮನೆಯಲ್ಲಿ ನಿಂತು, ಬೆರಳಿಗೆ ಒಣಗಿದ ಹಿಟ್ಟು ಕೆರೆದುಕೊಳ್ಳುತ್ತ ಶುರು ಮಾಡಿದೆ. ಚರಣದ ನಡುವೆ, ಬೇಕಂತಲೇ ಅಲ್ಲ, ಈಗಿನ ಎದೆಗೆ ಹಾಗೇ ಆಗುತ್ತದೆ, ಉಸಿರು ನಿಂತಿತು. ಆ ಸಂದಿನಲ್ಲಿ ಲಿಂಗಸುಗೂರಿನಿಂದ ಗಿರಾಕಿಯ ದನಿ ಕೇಳಿಸಿತು: “ಅವ್ವಾರ, ಎಣ್ಣಿ ಕೊಡ್ತೀರೋ ಇಲ್ಲೋ?”

“ಸುಮ್ಮನ ನಿಂದ್ರು,” ಎಂದಳು ಗಿರಿಜತ್ತಿ. “ನಂಬರ್ ಒಂದು ಬರಾಕತ್ತೈತಿ.”